ನೀರಿನಲ್ಲಿ ತೂಗಿದ ಹೊನ್ನು

ಸೇಡಂನಲ್ಲಿ ನಮ್ಮ ನೆರೆಮನೆಯಲ್ಲಿದ್ದ ವಿಜ್ಞಾನದ ಮಾಸ್ತರರು ಹಳೆಯ ನಾಣ್ಯವನ್ನು ಧೋತರಕ್ಕೆ ಬೆರಳು ಒರೆಸಿಕೊಂಡೇ ಮುಟ್ಟುತ್ತಿದ್ದರು. ಅವರ ಸಣ್ಣ ತಕ್ಕಡಿ ಎದುರಿಗಿದ್ದವರ ಉಸಿರಿಗೂ ಓಲಾಡುತ್ತಿತ್ತು. “ಉಸಿರು ಹಿಡೀರಿ” ಎಂದು ಎಲ್ಲರನ್ನೂ ಗದರುತ್ತಿದ್ದರು.

ಆಗ ನಿಜಾಮರ ಆಳ್ವಿಕೆ. ಮದುವೆಯಲ್ಲಿ ಅಪ್ಪ ಅಕ್ಕನಿಗೆ ಕೊಟ್ಟ ಸರದ ಹಳೆಯ ಹೊನ್ನುಗಳು, ಹಿಂದಿನ ಅರಸರ ಕಾಲದ ಚಿನ್ನದ ನಾಣ್ಯಗಳು, ಬಿಳಿಚಿಕೊಂಡಿವೆ ಎಂದು ಅವಳ ಅತ್ತೆ ಕುರಕುಂಟಾದಿಂದ ಅವಳನ್ನು ಕರೆತಂದು ನಮ್ಮ ಪಡಸಾಲೆಯಲ್ಲಿ ಕೂರಿಸಿದರು.

“ನಿಮ್ಮಪ್ಪ ಬೆಳ್ಳಿ ಬೆರೆಸಿ ಮಾಡಿಸ್ಯಾನ. ಕರಗಿಸಿ ನೋಡೂಣು,” ಎಂದು ಅಕ್ಕನಿಗೆ ಹೇಳಿದರು.

“ಕರಗಿಸಬ್ಯಾಡ್ರಿ,” ಎಂದರು, ಮಾತು ಕೇಳಿ ತಕ್ಕಡಿ ಹಿಡಿದು ಬಂದ ಮಾಸ್ತರರು. ಅತ್ತೆಯ ಕೊರಳಲ್ಲೂ ಅದೇ ಮುದ್ರೆಯ, ಮೆರುಗು ಹಾಕಿಸಿದ್ದರಿಂದ ಹಳದಿಯಾಗಿ ಹೊಳೆಯುತ್ತಿದ್ದ ಹೊನ್ನಿತ್ತು. ಅದನ್ನೂ ಅಕ್ಕನ ಸರದ ಒಂದು ಹೊನ್ನನ್ನೂ ಕೇಳಿ ಪಡೆದರು. ಎರಡನ್ನೂ ಮೊದಲು ಹಾಗೆಯೇ ತೂಗಿದರು, ಸಮ ಬಂತು. ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರು. ಬೆಳ್ಳಿ ಹೆಚ್ಚಿದ್ದದ್ದು ನೀರಿನಲ್ಲಿ ಹೆಚ್ಚು ಹಗುರಾಗಬೇಕಿತ್ತು. ಆಗಲೂ ಸಮ ಬಂತು.

“ಅವ್ವಾರ, ಎರಡರಾಗೂ ಬೆಳ್ಳಿ ಒಂದೇ ಸಮ ಅದ. ಬೆರೆಸಿದ್ದು ಅರಸರ ಟಂಕಸಾಲ್ಯಾಗ. ನಿಮ್ಮ ಬೀಗರಲ್ಲ.”

ಅತ್ತೆ ಬರಿದಾದ ಕೊರಳು ಮುಟ್ಟಿಕೊಂಡರು. “ಏಳವ್ವಾ, ಮನಿಗಿ ಹೋಗೂಣು.”

ಅಕ್ಕ ಬಿಟ್ಟ ಉಸಿರಿಗೆ ತಕ್ಕಡಿ ಜೋರಾಗಿ ಓಲಾಡಿತು. ಮಾಸ್ತರರು ಗದರಲಿಲ್ಲ.