ಹಿಂಡಿಗೆಲ್ಲ ಹಂಚಿದ ಗುಳಿಗೆ

ನಮ್ಮದು ಮಂಠಾಳದಲ್ಲಿ ಕುರಿ ಕಾಯುವ ಮನೆತನ. ಹಿಂಡಿನಲ್ಲಿ ಒಂದು ಕುರಿ ಕೆಮ್ಮಿತೆಂದರೆ ಅವ್ವ ಎಲ್ಲ ಕುರಿಗಳಿಗೂ ಔಷಧಿ ಕುಡಿಸುವವಳು. ಒಂದರದು ಇನ್ನೊಂದಕ್ಕೆ ಹತ್ತದಿರಲಿ ಎಂದು. ಮನೆಯಲ್ಲೂ ಅದೇ ಕಾಯಿದೆ. ಒಬ್ಬರಿಗೆ ಜ್ವರ ಬಂದರೆ ಸಾಕು, ಎಲ್ಲರ ಕೈಗೂ ಒಂದೊಂದು ಗುಳಿಗೆ ಹಾಕುತ್ತಿದ್ದಳು. ಓಣಿಯವರು ‘ಡಾಕ್ಟರಮ್ಮ’ ಎಂದು ಅವಳನ್ನು ಛೇಡಿಸುತ್ತಿದ್ದರು, ಮೈ ಬಿಸಿಯಾದಾಗ ಅವಳ ಬಾಗಿಲಿಗೇ ಬರುತ್ತಿದ್ದರು.

ಆ ಗುಳಿಗೆ ತಂದುಕೊಡುತ್ತಿದ್ದವನು ನಾನು. ಹುಮನಾಬಾದಿನ ಒಂದು ಮೆಡಿಕಲ್ ಅಂಗಡಿಯಲ್ಲಿ ನನ್ನ ಕೆಲಸ. ಡಾಕ್ಟರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡಬಾರದೆಂದು ನನಗೆ ಗೊತ್ತಿತ್ತು. ಹೆತ್ತವ್ವನಿಗೆ ಎಂಥ ಚೀಟಿ ಕೇಳುವುದು? ನಿಜ ಹೇಳಬೇಕೆಂದರೆ, ‘ನಮ್ ಮಗ ತಂದಾನ’ ಎಂದು ಅವಳು ನಾಲ್ಕು ಜನರ ಮುಂದೆ ಹೇಳುವುದನ್ನು ಕೇಳಲು ನನಗೆ ಹಿಗ್ಗು.

ಹೋದ ವರ್ಷ ಅಪ್ಪನ ಅಂಗಾಲಿಗೆ ಜಾಲಿಮುಳ್ಳು ನೆಟ್ಟಿತು. ಕಾಲು ಬಾತು ಕೀವಾಯಿತು. ಅವ್ವನ ಗುಳಿಗೆ ಒಂದು ವಾರ ನಡೆಯಿತು. ನೋವು ಇಳಿದ ದಿನ ಬಿಡುವುದು, ಏರಿದ ದಿನ ಮತ್ತೆ ನುಂಗುವುದು. ಬಸವಕಲ್ಯಾಣದ ದವಾಖಾನೆಗೆ ಒಯ್ಯುವಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಕೀವಿನ ಪರೀಕ್ಷೆಯ ವರದಿ ಹಿಡಿದು ಡಾಕ್ಟರು ನನ್ನನ್ನು ಕೇಳಿದರು.

‘ಯಾವ ಔಷಧಾನೂ ನಾಟವಲ್ದು. ಮನ್ಯಾಗ ಏನೇನ್ ಗುಳಿಗಿ ನುಂಗ್ತಿದ್ರಿ?’

ಹೆಸರುಗಳೆಲ್ಲ ನನಗೆ ಬಾಯಿಪಾಠ. ನಾನು ಹೇಳುತ್ತ ಹೋದಂತೆ ಅವರು ಬರೆದುಕೊಳ್ಳುವುದನ್ನೇ ನಿಲ್ಲಿಸಿದರು. ದವಾಖಾನೆ ಸೇರಿದ ಒಂಬತ್ತನೆಯ ದಿನ ಅಪ್ಪ ತೀರಿಕೊಂಡ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಚೀಟಿ ಇಲ್ಲದವರನ್ನು ವಾಪಸು ಕಳಿಸುತ್ತೇನೆ. ‘ದೊಡ್ಡ ಕಾಯಿದೇದಾಂವ ಬಂದಾನ’ ಎಂದು ಬೈದುಕೊಂಡು ಹೋಗುತ್ತಾರೆ. ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತವರಿಗೂ ಹೇಳುತ್ತೇನೆ: ಒಬ್ಬರಿಗೆ ಬರೆದದ್ದು ಒಬ್ಬರಿಗೇ, ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು, ನೆಗಡಿಗೆಲ್ಲ ಬೇಡ. ಕಂಡಕಂಡಾಗ ನುಂಗಿದರೆ ಕ್ರಿಮಿಗಳು ಔಷಧಕ್ಕೆ ಒಗ್ಗಿಹೋಗುತ್ತವೆ, ಆಮೇಲೆ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ.

ಮೊನ್ನೆ ಹೀಗೆ ಹೇಳುವಾಗ ಅವ್ವ ಹಿಂದೆಯೇ ನಿಂತಿದ್ದಳಂತೆ. ನಾನು ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಕುರಿಗಳಿಗೆ ನೀರಿಡುತ್ತ ಕೇಳಿದಳು.

‘ಕಟ್ಟಿ ಮ್ಯಾಲ ಹೇಳಾಕತ್ತಿದ್ದಿ, ಕೇಳ್ದೆ. ಹಂಗಾದ್ರ ನಿಮ್ಮಪ್ಪನ್ನ ನಾನೇ ಕೊಂದಂಗಾತೇನೋ?’

ಅವಳ ಕೈಯಿಂದ ಕೊಡ ಇಸಿದುಕೊಂಡೆ.

‘ನೀ ಗೊತ್ತಿಲ್ಲದ ಕೊಟ್ಟಿ, ಅವ್ವ,’ ಎಂದೆ. ‘ನಾ ಗೊತ್ತಿದ್ದೂ ತಂದುಕೊಟ್ಟೆ.’