ಹಾಜರಿ ಪಟ್ಟಿಯ ಹದಿನಾಲ್ಕು ಹೆಂಗಸರು

ಶಿರ್ವದ ಹಿಲ್ಡಾ ಮಸ್ಕತ್‌ನಲ್ಲಿ ಸಭೆ ಸಮ್ಮೇಳನಗಳ ಏರ್ಪಾಡು ಮಾಡುವ ಕಚೇರಿಯೊಂದಕ್ಕೆ ಕಾರ್ಯದರ್ಶಿಯಾಗಿ ಸೇರಿದ್ದು 1993ರ ಅಕ್ಟೋಬರ್ 4ರ ಸೋಮವಾರ. ಅಂದಿನಿಂದ ಮೂವತ್ತೊಂದು ವರ್ಷ ಅವರು ಒಂದು ನಿಯಮವನ್ನು ಸಡಿಲಿಸಿದವರಲ್ಲ: ಕುರ್ಚಿಯಲ್ಲಿ ಕುಳಿತವರಷ್ಟೇ ಹಾಜರಿ ಪಟ್ಟಿಗೆ ಸಹಿ ಹಾಕತಕ್ಕದ್ದು. ದೊಡ್ಡವರ ಪರವಾಗಿ ಡ್ರೈವರ್ ಬಂದು ಗೀಚಿ ಹೋಗುವುದಕ್ಕೆ ಅವರ ಮೇಜಿನ ಬಳಿ ಆಸ್ಪದವಿರಲಿಲ್ಲ.

ಅವರ ವೀಸಾ 2024ರ ನವೆಂಬರ್ 30ಕ್ಕೆ ಮುಗಿಯುವುದಿತ್ತು. ನವೀಕರಣದ ಅರ್ಜಿ ಮ್ಯಾನೇಜರ್ ದೊರೆಸ್ವಾಮಿಯ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಮಸ್ಕತ್ ಸಮೀಪದ ಬರ್ಕಾ ಪಟ್ಟಣದ ಅಂಗಡಿಯೊಂದರಲ್ಲಿ ದುಡಿಯುವ ಪತಿ ಪಿಯುಸ್ ನಿವೃತ್ತರಾಗುವುದು 2026ರ ಡಿಸೆಂಬರ್ 31ಕ್ಕೆ. ಅಲ್ಲಿಯವರೆಗೆ ಮಸ್ಕತ್ ನಗರದ ಹಮ್ರಿಯಾ ಬಡಾವಣೆಯ ಮನೆಯಲ್ಲಿದ್ದು, ಅನಂತರ ಇಬ್ಬರೂ ಒಟ್ಟಿಗೆ ಊರಿಗೆ ಮರಳುವುದೆಂದು ದಂಪತಿ ನಿಶ್ಚಯಿಸಿದ್ದರು.

ನವೆಂಬರ್ 12ರಿಂದ 14ರವರೆಗೆ ಯುರೋಪಿನ ಅಭಿವೃದ್ಧಿ ಸಂಸ್ಥೆಯೊಂದು, ಹಿಲ್ಡಾರ ಕಚೇರಿಯ ಏರ್ಪಾಡಿನಲ್ಲಿ, ಪೂರ್ವ ಆಫ್ರಿಕಾದಲ್ಲಿ ಮಹಿಳಾ ಸಮಾನತೆ ಸಾಧಿಸುವ ಬಗೆಗೆ ಕಾರ್ಯಾಗಾರ ನಡೆಸಿತು. ಅದು ಆಫ್ರಿಕಾದಲ್ಲಿ ನಡೆಯದೆ ಮಸ್ಕತ್‌ನಲ್ಲಿ ನಡೆದದ್ದೇಕೆ? ಹೋಟೆಲಿನ ಕೋಣೆಗಳಿಂದ ಕಡಲು ಕಾಣುತ್ತದೆ ಎಂಬುದರ ಹೊರತು ಬೇರೆ ಕಾರಣ ಯಾವ ಕಡತದಲ್ಲೂ ಸಿಗದು. ಮೂವತ್ತೊಂದು ಪ್ರತಿನಿಧಿಗಳಲ್ಲಿ ಇಪ್ಪತ್ತೇಳು ಮಂದಿ ಗಂಡಸರು. ಈ ಮಹನೀಯರು ಹುರಿದ ಅಂಜಲ್ ಮೀನನ್ನು ಮೆಲ್ಲುತ್ತ, ಆಫ್ರಿಕಾದ ಹೆಂಗಸು ನೀರು ಹೊರುವ ಕಷ್ಟದ ಬಗ್ಗೆ ಎರಡು ದಿನ ಮರುಗಿದರು. ಹಾಜರಾದವರಲ್ಲಿ ಶೇಕಡ ನಲವತ್ತು ಮಹಿಳೆಯರಿರದಿದ್ದರೆ ಮುಂದಿನ ವರ್ಷದ ಯೋಜನೆ ರದ್ದೆಂಬ, ಹಣ ಕೊಡುವವರ ಷರತ್ತು ಅವರಿಗೆ ನೆನಪಾದದ್ದು ಮೂರನೆಯ ದಿನ.

ದೊರೆಸ್ವಾಮಿ ಓಡಿ ಬಂದ.

“ಮೇಡಂ, ಹೋಟೆಲ್ ಕ್ಲೀನಿಂಗಿಗೆ ಟಾಂಜಾನಿಯಾ, ಉಗಾಂಡಾ ಹೆಣ್ಮಕ್ಳು ಹದಿನಾಲ್ಕು ಜನ ಇದಾರಲ್ಲ, ಅವರ ಹತ್ರ ಒಂದೊಂದು ಸೈನ್ ಹಾಕಿಸ್ಬಿಡಿ. ಕರೆಕ್ಟಾಗಿ ನಲವತ್ತು ಪರ್ಸೆಂಟ್. ಖಲಾಸ್!”

“ಹಾಕಿಸ್ತೇನೆ ಸರ್. ಆದ್ರೆ ಅವರಿಗೆ ಕುರ್ಚಿ ಬೇಕು.”

“ಕುರ್ಚಿ ಯಾಕ್ರೀ? ಅವರೇನು ಭಾಷಣ ಕೇಳ್ಬೇಕಾ?”

“ನೀವು ಎರಡು ದಿನ ತಡ್ಕೊಂಡ್ರಲ್ಲ ಸರ್, ಅವರು ಒಂದು ಗಂಟೆ ತಡ್ಕೊಳ್ತಾರೆ.”

“ಯಲ್ಲಾ, ಆಯ್ತು, ಬೇಗ ಕೂರಿಸಿ. ನಿಮ್ ರಿನ್ಯೂವಲ್ ಫಾರ್ಮ್ ನನ್ ಟೇಬಲ್ ಮೇಲೇ ಇದೆ, ನೆನಪಿರ್ಲಿ.”

ಹದಿನಾಲ್ವರೂ ಸಮವಸ್ತ್ರದಲ್ಲೇ ಮುಂದಿನ ಸಾಲಿನಲ್ಲಿ ಕುಳಿತು ಸಹಿ ಹಾಕಿದರು. ಸಂಸ್ಥೆಯ ನಿರ್ದೇಶಕ ಕ್ರಿಸ್ಟೋಫರ್ ಪುಳಕಿತನಾಗಿ ಚಪ್ಪಾಳೆ ತಟ್ಟಿದ. ಅವರಲ್ಲೊಬ್ಬಳಾದ, ಟಾಂಜಾನಿಯಾದ ಟಾಂಗಾ ಊರಿನ ನೀಮಾಳ ಕೈಗೆ ಮೈಕು ಕೊಟ್ಟು ಫೋಟೊ ತೆಗೆಸಿದ. ಮೈಕು ಸಿಕ್ಕಿದ ಮೇಲೆ ನೀಮಾ ಸುಮ್ಮನಿರಲಿಲ್ಲ. ಅವಳ ಸ್ವಾಹಿಲಿ ಮಾತನ್ನು ಜಾಂಜಿಬಾರಿನಲ್ಲಿ ಹುಟ್ಟಿ ಬೆಳೆದ ಹೋಟೆಲಿನ ಮುದುಕನೊಬ್ಬ ಇಂಗ್ಲಿಷಿನಲ್ಲಿ ಹೇಳಿದ:

“ನಮ್ಮನ್ನು ಕೆಲಸಕ್ಕೆ ಕರೆತಂದವನು ಮೂರು ವರ್ಷದಿಂದ ನಮ್ಮ ಪಾಸ್‌ಪೋರ್ಟ್‌ಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ. ಬಿಡಿಸಿಕೊಡುತ್ತೀರಾ?”

ಕ್ರಿಸ್ಟೋಫರ್ ಕನ್ನಡಕ ಒರೆಸಿಕೊಂಡ. “ಈ ಸೋದರಿಯರು ಆಫ್ರಿಕಾದಲ್ಲಿದ್ದಿದ್ದರೆ ಖಂಡಿತ ನೆರವಾಗುತ್ತಿದ್ದೆವು. ನಮ್ಮ ಯೋಜನೆಯ ವ್ಯಾಪ್ತಿ ಆಫ್ರಿಕಾಕ್ಕೆ ಸೀಮಿತ” ಎಂದು, ಊಟಕ್ಕೆ ಎಲ್ಲರನ್ನೂ ಎಬ್ಬಿಸಿದ.

ಹಿಲ್ಡಾ ಕೆಂಪು ಪೆನ್ನನ್ನೂ ಅಡಿಕೋಲನ್ನೂ ತೆಗೆದರು. ಹದಿನಾಲ್ಕು ಹೆಸರುಗಳ ಮೇಲೆ ಹದಿನಾಲ್ಕು ಗೆರೆ ಎಳೆದು ಕೆಳಗೆ ಬರೆದರು: “ನಿರ್ದೇಶಕರ ಹೇಳಿಕೆಯಂತೆ ಇವರು ಯೋಜನೆಯ ವ್ಯಾಪ್ತಿಗೆ ಸೇರಿದವರಲ್ಲ. 14-11-2024, ಮಧ್ಯಾಹ್ನ 1.10.”

“ಏನ್ರೀ ಇದು, ತಲೆ ಕೆಟ್ಟಿದೆಯಾ?” ದೊರೆಸ್ವಾಮಿ ಕಿರುಚಿದ.

“ಸಹಿಗೆ ಮಾತ್ರ ಆಫ್ರಿಕಾದವರು, ಪಾಸ್‌ಪೋರ್ಟ್ ಕೇಳಿದ್ರೆ ಅಲ್ವಂತೆ. ಎರಡೂ ಹೇಗಾಗ್ತದೆ ಸರ್?”

“ಹೊಸ ಲಿಸ್ಟ್ ಮಾಡಿ. ಇಲ್ದಿದ್ರೆ ನಿಮ್ ಫಾರ್ಮಿಗೆ ನಾನು ಸೈನ್ ಹಾಕಲ್ಲ.”

ಪಿಯುಸ್‌ಗೆ ಗಂಜಿ ಬೇಯಿಸಲೂ ಬಾರದೆಂಬುದು ಹಿಲ್ಡಾಗೆ ಆ ಕ್ಷಣ ನೆನಪಾಯಿತು. ಪೆನ್ನಿನ ಮುಚ್ಚಳ ಹಾಕಿದರು.

“ಹಾಕ್ಬೇಡಿ ಸರ್. ನನ್ನ ಲಿಸ್ಟ್ ಇದೇ.”

ನವೆಂಬರ್ 30ರ ಶನಿವಾರ ಅವರು ಒಬ್ಬರೇ ಮಂಗಳೂರಿನ ವಿಮಾನ ಹತ್ತಿದರು.

ಸಂಸ್ಥೆಯ ವರದಿ ಹೊರಬಿದ್ದದ್ದು 2025ರ ಮಾರ್ಚ್ 8ರಂದು, ಮಹಿಳಾ ದಿನದ ಕಾಣಿಕೆಯಾಗಿ. ಮಹಿಳೆಯರ ಹಾಜರಿ ಶೇಕಡ ನಲವತ್ತು ಎಂದು ಅದರಲ್ಲಿ ಅಚ್ಚಾಗಿತ್ತು. ಹೊಸ ಪಟ್ಟಿಯನ್ನು ದೊರೆಸ್ವಾಮಿಯೇ ಬರೆದು ಕೊಟ್ಟಿದ್ದ. ಒಂಬತ್ತನೆಯ ಪುಟದಲ್ಲಿ ಮೈಕು ಹಿಡಿದ ನೀಮಾ, ಕೆಳಗೆ, “ತನ್ನ ಹಳ್ಳಿಯಲ್ಲಿ ದನಿಯೆತ್ತಿದ ಮಹಿಳೆ.” ಆ ಹಳ್ಳಿಯ ನೆತ್ತಿಯ ಮೇಲೆ ಹೋಟೆಲಿನ ಗಾಜಿನ ತೂಗುದೀಪ ಝಗಝಗಿಸುತ್ತಿತ್ತು.

ಹಿಲ್ಡಾ ಅಂದೇ ಹೋಟೆಲಿನ ಮುದುಕನಿಗೆ ಫೋನ್ ಮಾಡಿ ವಿಚಾರಿಸಿ, ಶಿರ್ವದಿಂದ ಸಂಸ್ಥೆಗೆ ತಿದ್ದುಪಡಿ ಬರೆದು ಕಳುಹಿಸಿದರು: “ಸ್ಥಳ ಮಸ್ಕತ್. ದಿನಾಂಕ 14-11-2024. ಮಹಿಳೆಯರ ಹಾಜರಿ ಶೇಕಡ 12.9. ಪಾಸ್‌ಪೋರ್ಟ್‌ಗಳು ಇನ್ನೂ ಕಪಾಟಿನಲ್ಲಿವೆ.”