ಚಿಕ್ಕಮ್ಮನ ನೆರಳುಹುಲ್ಲು

ಬೆಳಿಗ್ಗೆ ಮಾಲಿ ಹೊಂಗೆಯ ಕೆಳಗೆ ಉದುರಿದ ಎಲೆಯನ್ನೆಲ್ಲ ಗುಡ್ಡೆ ಮಾಡಿ ಬೆಂಕಿ ಹಚ್ಚಿದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಮಾಲಿಯ ಮೇಲಲ್ಲ; ಟೇಕಲ್ಲಿನಲ್ಲಿದ್ದ ನಮ್ಮ ಮನೆಯವರ ಮೇಲೆ. ಎಷ್ಟು ಹಳೆಯ ಸಿಟ್ಟು, ಇನ್ನೂ ಆರಿಲ್ಲ ನೋಡಿ.

ಯುದ್ಧದ ಕಾಲ. ಆವನಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದ ಚಿಕ್ಕಮ್ಮ, ತಾಯಿಯ ತಿಥಿಗೆಂದು ತವರಿಗೆ ಹೋದವಳು ಏನು ತಂದಳು ಅಂತೀರಿ? ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಬುಡ ಹುಲ್ಲು! ಬೆಟ್ಟದ ಮರಗಳ ನೆರಳಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುವ ಜೇಕಿನ ಜಾತಿ. ಸೌದೆಗೆ ಹೋದಾಗ ತಾಯಿ ಮಗಳು ಅದರ ಪಕ್ಕ ಕೂತೇ ಬುತ್ತಿ ಬಿಚ್ಚುತ್ತಿದ್ದರಂತೆ.

"ಪಿಚ್ಚಿ ಹಿಡಿದಿದೆಯೇನೇ, ಹುಚ್ಚಿ?" ಅಂದಳು ಅಜ್ಜಿ. "ಹೊಲದಲ್ಲಿ ಜೇಕು ಕಿತ್ತೂ ಕಿತ್ತೂ ಸೊಂಟ ಬಿದ್ದೋಗಿದೆ, ನೀನು ಹಿತ್ತಲಿಗೆ ತಂದು ನೆಡ್ತೀಯಾ!"

"ಇದು ಆ ಜೇಕಲ್ಲ ಅತ್ತೆ. ಗಡ್ಡೆ ಬಿಡಲ್ಲ, ಹಬ್ಬಲ್ಲ. ನೆರಳಲ್ಲಿ ಸುಮ್ನೆ ಇರುತ್ತೆ."

ಸುಮ್ಮನಿರುವುದನ್ನು ಸುಮ್ಮನೆ ಬಿಡುವ ಮನೆಯೇ ನಮ್ಮದು? ಹೆಂಡತಿಯ ಮೇಲಿನ ಅಕ್ಕರೆಗೆ ಚಿಕ್ಕಪ್ಪ ಅದನ್ನು ಅವಳು ನೆಟ್ಟಿದ್ದ ನೆರಳಿನಿಂದ ಕಿತ್ತು ತುಳಸಿಕಟ್ಟೆಯ ಪಕ್ಕ ಬಿಸಿಲಲ್ಲಿ ನೆಟ್ಟ, ಬುಟ್ಟಿ ತುಂಬ ಗೊಬ್ಬರ ಸುರಿದ, ಎರಡು ಹೊತ್ತೂ ಬಿಂದಿಗೆ ನೀರು ಹೊಯ್ದ. ಹುಲ್ಲು ಹಳದಿಯಾಯಿತು.

"ಮಗು ನೋಡ್ದಂಗೆ ನೋಡ್ಕೊಂಡ್ನಲ್ಲೇ!" ಅಂದ ಚಿಕ್ಕಪ್ಪ.

"ಅದಕ್ಕೇ ಸಾಯ್ತಿದೆ ಕಣ್ರೀ."

ಉಳಿದ ನಾಲ್ಕು ಗರಿಯನ್ನು ಚಿಕ್ಕಮ್ಮ ಕೊಟ್ಟಿಗೆಯ ಹಿಂದೆ, ಹೊಂಗೆಯ ಕೆಳಗೆ ನೆಟ್ಟಳು. ನೆರಳು, ಎಲೆ ಕೊಳೆತ ಮಣ್ಣು ಇದ್ದರೆ ಅದಕ್ಕೆ ಸಾಕು. ಆದರೆ ಶುಕ್ರವಾರ ಬಂತೆಂದರೆ ಹಿತ್ತಲಲ್ಲಿ ಒಂದು ಎಲೆಯೂ ಕಾಣಕೂಡದು ಅನ್ನುವುದು ಅಜ್ಜಿಯ ಶಾಸ್ತ್ರ. ಅವಳು ಗುಡಿಸಿದ ಭರಕ್ಕೆ ಬೇರು ಮೇಲೆ ಬರುತ್ತಿತ್ತು. ಚಿಕ್ಕಮ್ಮ ಮತ್ತೆ ಎಲೆ ಹರಡುತ್ತಿದ್ದಳು, ಅಜ್ಜಿ ಮತ್ತೆ ಗುಡಿಸಿ ಬೆಂಕಿಯಿಡುತ್ತಿದ್ದಳು. ನೋಡಿ ನೋಡಿ ನನಗೇ ರೋಸಿಹೋಗಿತ್ತು.

ಒಂದು ಶುಕ್ರವಾರ ಚಿಕ್ಕಮ್ಮ ಅಜ್ಜಿಯ ಕೈಯಲ್ಲಿದ್ದ ಪೊರಕೆಯನ್ನೇ ಹಿಡಿದುಕೊಂಡಳು. "ಈ ಮನೇಲಿ ಪಾತ್ರೆ ನಿಮ್ದು, ಪಡಸಾಲೆ ನಿಮ್ದು, ಮಗನೂ ನಿಮ್ಮೋನೇ. ಇದೊಂದು ಮೊಳ ಜಾಗ ಬಿಡಿ ಅತ್ತೆ. ನಮ್ಮಮ್ಮ ಅಂತ ನಂಗೆ ಉಳಿದಿರೋದು ಇಷ್ಟೇ."

ಅಜ್ಜಿ ಪೊರಕೆ ಬಿಟ್ಟು ಒಳಗೆ ಹೋದಳು.

ಮುಂದಿನ ಶುಕ್ರವಾರ ಎಂದಿನಂತೆ ಗೊಣಗುತ್ತಲೇ ಇಡೀ ಹಿತ್ತಲು ಗುಡಿಸಿದಳು. ಕೊನೆಗೆ ಆ ಎಲೆಯನ್ನೆಲ್ಲ ಮಂಕರಿಯಲ್ಲಿ ತುಂಬಿ ತಂದು ಹುಲ್ಲಿನ ಸುತ್ತ ಸುರಿದು, ಸೊಂಟದ ಮೇಲೆ ಕೈಯಿಟ್ಟು ಹುಲ್ಲನ್ನೇ ಕೇಳಿದಳು: "ಸಾಕೇನ್ರೀ, ಬೀಗಿತ್ತಿ?"

ಈಗಷ್ಟೇ ಬೆಂಕಿಗೆ ನೀರು ಹೊಯ್ದು ಬಂದೆ. ಮಾಲಿ ಮುಖ ಊದಿಸಿಕೊಂಡಿದ್ದಾನೆ. ಅಜ್ಜಿಯ ಮೇಲಿನ ಸಿಟ್ಟು ಮಾತ್ರ ಎಲ್ಲಿ ಹೋಯಿತೋ, ಹುಡುಕಿದರೂ ಸಿಗುತ್ತಿಲ್ಲ.